ಒಂದೇ ಯಕೃತ್ತು, ಎರಡು ಅಂಕಿ

ವಸಂತ್ ಕುಂಜ್‌ನ ಡಿ-1ರಲ್ಲಿ ದೆಹಲಿ ಸರ್ಕಾರದ ಒಂದು ದೊಡ್ಡ ಆಸ್ಪತ್ರೆಯಿದೆ. ಹೆಸರು ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಅಂಡ್ ಬಿಲಿಯರಿ ಸೈನ್ಸಸ್, ದೆಹಲಿಯವರ ಬಾಯಲ್ಲಿ ಐಎಲ್‌ಬಿಎಸ್. 2010ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಗೆ ಕಾಮಾಲೆ, ಹೆಪಟೈಟಿಸ್, ಸಿರೋಸಿಸ್ ಇರುವವರು, ಲಿವರ್ ಕಸಿಗೆ ಕಾಯುವವರು ಬರುತ್ತಾರೆ. ಎದೆನೋವು ಕಾಣಿಸಿಕೊಂಡವರು ಇಲ್ಲಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೂ ಹೃದಯದ ಕುರಿತ ಈ ಅಧ್ಯಾಯವನ್ನು ನಾನು ಲಿವರ್ ಆಸ್ಪತ್ರೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಮುಂದೆ ಹೃದಯಾಘಾತವಾದೀತೇ ಎಂದು ಅಂದಾಜು ಮಾಡಲು ವೈದ್ಯರು ನೋಡುವ ಎರಡು ಅಂಕಿಗಳು ಹೃದಯದಲ್ಲಿ ಹುಟ್ಟುವುದೇ ಇಲ್ಲ. ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಎಷ್ಟು ಉಳಿಯಬೇಕು ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಯಕೃತ್ತು. ಉರಿಯೂತದ ಸುದ್ದಿ ಹೇಳುವ ಸಿಆರ್‌ಪಿ ಎಂಬ ಪ್ರೋಟೀನು ತಯಾರಾಗುವುದೂ ಯಕೃತ್ತಿನಲ್ಲೇ.

ಇವೆರಡನ್ನೂ ಎದುರಾಳಿಗಳಂತೆ ನಿಲ್ಲಿಸುವ ಮಾತು ಈಚೆಗೆ ಬಹಳ ಹರಡಿದೆ. ಕೊಲೆಸ್ಟರಾಲ್ ಅಪರಾಧಿಯಲ್ಲ, ಅದು ಔಷಧ ಕಂಪನಿಗಳ ಕಟ್ಟುಕತೆ, ನಿಜವಾದ ಅಪರಾಧಿ ಉರಿಯೂತ ಎಂದು ವಾಟ್ಸಾಪ್ ಸಂದೇಶಗಳು ಹೇಳುತ್ತವೆ. ಅವನ್ನು ನಂಬಿ, ಸ್ಟೆಂಟ್ ಹಾಕಿಸಿಕೊಂಡವರೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟುಬಿಡುತ್ತಾರೆ. ಅರ್ಧ ನಿಜವಿರುವುದರಿಂದಲೇ ಈ ಮಾತು ಅಪಾಯಕಾರಿ. ಆ ಅರ್ಧ ಯಾವುದು, ಉಳಿದರ್ಧ ಯಾವುದು ಎಂದು ಬಿಡಿಸಿ ನೋಡಬೇಕು.

ಈ ಅನುಮಾನಕ್ಕೆ ಬೆಂಗಳೂರಿನಿಂದಲೂ ಒಂದು ಎಳೆ ಸಿಗುತ್ತದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಕೆನಡಾದ ಸಲೀಂ ಯೂಸುಫ್ ಸಂಗಡಿಗರೊಂದಿಗೆ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಬಾರಿ ಹೃದಯಾಘಾತವಾದ 200 ಜನ ಒಂದು ಕಡೆ, ಅದೇ ವಯಸ್ಸಿನ, ಹೃದ್ರೋಗವಿಲ್ಲದ 200 ಜನ ಇನ್ನೊಂದು ಕಡೆ. ಎರಡೂ ಗುಂಪುಗಳ ನಡುವೆ ಏನು ವ್ಯತ್ಯಾಸ ಎಂಬುದು ಪ್ರಶ್ನೆ. ಬೀಡಿ ಸಿಗರೇಟು ಎಲ್ಲಕ್ಕಿಂತ ಮುಂದಿತ್ತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಅದರ ಹಿಂದೆಯೇ ಇದ್ದವು. ಆದರೆ ಕೊಬ್ಬಿನ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಭಾರತೀಯರ ಹೃದಯಕ್ಕೆ ಕೊಲೆಸ್ಟರಾಲ್ ಲೆಕ್ಕಕ್ಕಿಲ್ಲವೇ? ಹಾಗೆ ಅವಸರದಿಂದ ತೀರ್ಮಾನಿಸುವಂತಿಲ್ಲ. ಹೃದಯಾಘಾತವಾದ ಒಂದೆರಡು ದಿನಗಳಲ್ಲಿ ರಕ್ತದ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ, ಆಗ ತೆಗೆದ ಅಂಕಿ ಹಿಂದಿನ ವರ್ಷಗಳ ಕತೆ ಹೇಳದಿರಬಹುದು. ಇನ್ನೂ ಮುಖ್ಯವಾದದ್ದು, ನಮ್ಮವರಲ್ಲಿ ಅನೇಕರಿಗೆ ಒಟ್ಟು ಕೊಲೆಸ್ಟರಾಲ್ ಹೆಚ್ಚಿರುವುದಿಲ್ಲ, ಆದರೆ ಅದನ್ನು ಹೊತ್ತೊಯ್ಯುವ ಕಣಗಳು ಸಣ್ಣವಾಗಿ, ಎಣಿಕೆಯಲ್ಲಿ ಹೆಚ್ಚಾಗಿರುತ್ತವೆ. ಒಂದೊಂದು ಕಣದ ಮೈಮೇಲೂ ಅಪೋ-ಬಿ ಎಂಬ ಪ್ರೋಟೀನು ಒಂದೇ ಒಂದು ಇರುವುದರಿಂದ ಅಪೋ-ಬಿ ಅಳೆದರೆ ಕಣಗಳನ್ನೇ ಎಣಿಸಿದ ಹಾಗೆ. ಇದೇ ಪೈಸ್, ಯೂಸುಫ್ ಪಾಲ್ಗೊಂಡ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದಾಗ, ಅಪೋ-ಬಿ ಮತ್ತು ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್‌ಡಿಎಲ್ ಕಣಗಳಲ್ಲಿರುವ ಅಪೋ-ಎ1, ಇವೆರಡರ ಅನುಪಾತವೇ ಹೃದಯಾಘಾತದ ಅತಿ ಬಲವಾದ ಸೂಚಕಗಳಲ್ಲಿ ಒಂದಾಗಿತ್ತು. ದಕ್ಷಿಣ ಏಷ್ಯಾದವರ ಮಾಹಿತಿಯನ್ನು 2007ರಲ್ಲಿ ಬೇರೆಯಾಗಿ ನೋಡಿದಾಗಲೂ ಅದು ನಿಂತಿತು. ನಮ್ಮಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59 ಎಂಬ ಕಹಿ ಸಂಗತಿಯೂ ಆಗಲೇ ಖಚಿತವಾಯಿತು. ಬೆಂಗಳೂರಿನ ಆ ಚಿಕ್ಕ ಅಧ್ಯಯನ ತಪ್ಪು ಹೇಳಿತ್ತೆಂದು ನಾನು ಭಾವಿಸುವುದಿಲ್ಲ. ಒಟ್ಟು ಕೊಲೆಸ್ಟರಾಲ್ ಎಂಬ ಒಂದೇ ಅಂಕಿಯನ್ನು ನೆಚ್ಚಿ ಕೂರಬೇಡಿ ಎಂದು ಅದು ಮೊದಲೇ ಎಚ್ಚರಿಸಿತ್ತು.

ಕೊಲೆಸ್ಟರಾಲ್ ಮತ್ತು ಉರಿಯೂತದ ವಾದ ಹಳೆಯದು. ಜರ್ಮನಿಯ ರುಡಾಲ್ಫ್ ವಿರ್ಶೋ 1850ರ ದಶಕದಲ್ಲೇ ಅಪಧಮನಿಯ ಗೋಡೆಯ ಕಾಯಿಲೆಯನ್ನು ಉರಿಯೂತವೆಂದು ಕರೆದಿದ್ದ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್‌ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿ ಅವುಗಳ ರಕ್ತನಾಳಗಳಲ್ಲಿ ಅದೇ ಕಾಯಿಲೆ ಬರಿಸಿ ತೋರಿಸಿದ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದರ ಮಾತು ಮನುಷ್ಯನಿಗೆ ಹೇಗೆ ಒಪ್ಪೀತು ಎಂದು ಆಗ ಕೇಳಿದವರಿದ್ದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ತೃಪ್ತಿಕರ ಉತ್ತರ ಸಿಕ್ಕಿದ್ದು ಮನುಷ್ಯರ ವಂಶವಾಹಿಗಳಿಂದ.

ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಇವನ್ನು ಗುರುತಿಸಿದರು, 1985ರಲ್ಲಿ ನೊಬೆಲ್ ಪಡೆದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಗ್ರಾಹಕದ ವಂಶವಾಹಿ ಪಡೆದ ಮಕ್ಕಳಿಗೆ ಕೊಲೆಸ್ಟರಾಲ್ ಆರುನೂರು ದಾಟುವುದುಂಟು, ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾಗುವುದುಂಟು. ಆ ಮಕ್ಕಳು ಸಿಗರೇಟು ಸೇದಿದವರಲ್ಲ, ಸಕ್ಕರೆ ಕಾಯಿಲೆಯವರಲ್ಲ. ಇದರ ತದ್ವಿರುದ್ಧ ಉದಾಹರಣೆಯೂ ಇದೆ. ಪಿಸಿಎಸ್‌ಕೆ9 ಎಂಬ ಪ್ರೋಟೀನು ಈ ಗ್ರಾಹಕಗಳನ್ನು ನಾಶಮಾಡುತ್ತದೆ. ಹುಟ್ಟಿನಿಂದಲೇ ಅದು ಸರಿಯಾಗಿ ಕೆಲಸಮಾಡದ ಕೆಲವು ಕಪ್ಪುವರ್ಣೀಯ ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಕಡಿಮೆಯಿತ್ತು, ಹೃದಯಧಮನಿ ಕಾಯಿಲೆ ಶೇ 88ರಷ್ಟು ಕಡಿಮೆಯಿತ್ತು. 2006ರ ಈ ವರದಿಯನ್ನು ಓದಿದ ಮೇಲೆ ಎಲ್‌ಡಿಎಲ್ ನಿರಪರಾಧಿ ಎಂದು ವಾದಿಸಲು ಬಹಳ ಹಟ ಬೇಕು. ಇಳಿಕೆ ಸಣ್ಣದು, ಆದರೆ ಅದು ಜೀವಮಾನವಿಡೀ ಉಳಿದದ್ದರಿಂದ ಫಲ ದೊಡ್ಡದಾಯಿತು.

ಇನ್ನು ರಕ್ತನಾಳದ ಗೋಡೆಯೊಳಗೆ ನಡೆಯುವುದನ್ನು ನೋಡೋಣ. ಎಲ್‌ಡಿಎಲ್ ಕಣ ಒಳಪೊರೆಯನ್ನು ದಾಟಿ ಗೋಡೆಯೊಳಗೆ ಸೇರುತ್ತದೆ. ಬಂದವುಗಳಲ್ಲಿ ಕೆಲವು ಅಲ್ಲಿನ ಸಕ್ಕರೆ ಹೊದ್ದ ಪ್ರೋಟೀನುಗಳಿಗೆ ಅಂಟಿ ಉಳಿಯುತ್ತವೆ, ಆಕ್ಸಿಡೀಕರಣಗೊಂಡು ರೂಪ ಬದಲಿಸುತ್ತವೆ. ಒಳಪೊರೆ ಇದನ್ನು ತೊಂದರೆಯೆಂದು ತಿಳಿದು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಬಂದ ಬಿಳಿ ಕಣಗಳು ಮ್ಯಾಕ್ರೋಫೇಜ್‌ಗಳಾಗಿ ಈ ಕೆಟ್ಟ ಎಲ್‌ಡಿಎಲ್ ಅನ್ನು ನುಂಗುತ್ತವೆ, ನುಂಗುತ್ತಲೇ ಹೋಗುತ್ತವೆ, ಕೊನೆಗೆ ಕೊಬ್ಬಿನ ಹನಿಗಳಿಂದ ಉಬ್ಬಿ ಅಲ್ಲೇ ಸಾಯುತ್ತವೆ. ಬಿಟ್ಟುಹೋದ ಕೊಲೆಸ್ಟರಾಲ್ ಸಾಂದ್ರವಾಗಿ ಹರಳುಗಟ್ಟುತ್ತದೆ. ಈ ಹರಳುಗಳು ಉಳಿದ ಮ್ಯಾಕ್ರೋಫೇಜ್‌ಗಳೊಳಗೆ ಎನ್‌ಎಲ್‌ಆರ್‌ಪಿ3 ಎಂಬ ವ್ಯವಸ್ಥೆಯನ್ನು ಎಬ್ಬಿಸುತ್ತವೆ ಎಂಬುದು 2010ರಲ್ಲಿ ತಿಳಿಯಿತು. ಅದು ಎದ್ದರೆ ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ಸಂದೇಶವಾಹಕ ಬಿಡುಗಡೆಯಾಗುತ್ತದೆ, ಅದರಿಂದ ಇಂಟರ್‌ಲ್ಯೂಕಿನ್-6 ಹೆಚ್ಚುತ್ತದೆ, ಅದು ರಕ್ತದಲ್ಲಿ ಹರಿದು ಯಕೃತ್ತನ್ನು ಮುಟ್ಟುತ್ತದೆ. ಯಕೃತ್ತು ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಈ ಸರಪಳಿಯನ್ನು ಕಂಡ ಮೇಲೆ ಕೊಲೆಸ್ಟರಾಲೋ ಉರಿಯೂತವೋ ಎಂಬ ಜಗಳಕ್ಕೆ ಅರ್ಥ ಉಳಿಯುವುದಿಲ್ಲ. ಕೊಲೆಸ್ಟರಾಲಿನ ಹರಳೇ ಉರಿಯೂತವನ್ನು ಕೆರಳಿಸುತ್ತದೆ. ಕೆರಳಿದ ಉರಿಯೂತ, ಗೋಡೆಯಲ್ಲಿ ಹೀಗೆ ಕಟ್ಟಿಕೊಂಡ ಬ್ಲಾಕ್‌ನ ಮೇಲಿರುವ ನಾರಿನ ಹೊದಿಕೆಯನ್ನು ಕರಗಿಸುತ್ತದೆ, ಹೊದಿಕೆ ಹರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಹೃದಯಾಘಾತವಾಗುತ್ತದೆ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪಾಸಾದವರು ಕೆಲವು ದಿನಗಳಲ್ಲೇ ಕುಸಿದುಬಿದ್ದ ಸುದ್ದಿ ಕೇಳಿ ನಾವು ಕಂಗಾಲಾಗುತ್ತೇವೆ. ಶೇ 40ರಷ್ಟು ಮಾತ್ರ ಅಡ್ಡಗಟ್ಟಿದ ಬ್ಲಾಕ್ ರಕ್ತದ ಓಟವನ್ನು ತಡೆಯುವುದಿಲ್ಲ, ಟ್ರೆಡ್‌ಮಿಲ್‌ಗೆ ಕಾಣುವುದೂ ಇಲ್ಲ. ಅದರ ಹೊದಿಕೆ ತೆಳುವಾಗಿದ್ದರೆ ಹರಿಯಲು ಅಷ್ಟು ಸಾಕು.

ಸಿಆರ್‌ಪಿ ಸಿಕ್ಕಿದ್ದು ಹೃದ್ರೋಗದ ಹುಡುಕಾಟದಲ್ಲಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಸೋಂಕು ತಗುಲಿದಾಗ ನೂರಾರು ಪಟ್ಟು ಏರುವ ಪ್ರೋಟೀನು ಅದು, ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದದ್ದು ಆ ರೂಪದಲ್ಲೇ. ಹೃದಯದ ವಿಷಯದಲ್ಲಿ ನೋಡುವುದು ತೀರಾ ಸಣ್ಣ ಏರಿಕೆಯನ್ನು. ಅದಕ್ಕೇ ಹೆಚ್ಚು ಸೂಕ್ಷ್ಮವಾದ ಎಚ್‌ಎಸ್-ಸಿಆರ್‌ಪಿ ಪರೀಕ್ಷೆ ಬೇಕು. ಬಾಸ್ಟನ್ನಿನ ಪಾಲ್ ರಿಡ್ಕರ್ 1997ರಿಂದ ಈ ಸಣ್ಣ ಏರಿಕೆಯ ಬೆನ್ನುಹತ್ತಿದ್ದಾರೆ. 27,939 ಅಮೆರಿಕನ್ ಮಹಿಳೆಯರ ರಕ್ತವನ್ನು ಒಮ್ಮೆ ಪರೀಕ್ಷಿಸಿ ಅವರನ್ನು 30 ವರ್ಷ ಗಮನಿಸಿದ ಫಲಿತಾಂಶ 2024ರಲ್ಲಿ ಬಂತು. ಎಲ್‌ಡಿಎಲ್ ಅತಿ ಹೆಚ್ಚಿದ್ದ ಐದನೇ ಒಂದು ಪಾಲು ಮಹಿಳೆಯರಿಗೆ, ಅತಿ ಕಡಿಮೆಯಿದ್ದವರಿಗಿಂತ ಅಪಾಯ ಶೇ 36 ಹೆಚ್ಚು. ಸಿಆರ್‌ಪಿ ಅತಿ ಹೆಚ್ಚಿದ್ದವರಿಗೆ ಶೇ 70 ಹೆಚ್ಚು. 30 ವರ್ಷ ಹಿಂದಿನ ಒಂದೇ ಒಂದು ರಕ್ತದ ಮಾದರಿ ಇಷ್ಟು ಹೇಳಿತೆಂಬುದು ನನಗೆ ಇಂದಿಗೂ ಬೆರಗು.

ವಾಟ್ಸಾಪ್ ಮಾತಿನ ಅರ್ಧ ನಿಜ ಇರುವುದು ಇಲ್ಲಿ. ಮುನ್ಸೂಚನೆ ಕೊಡುವುದರಲ್ಲಿ ಸಿಆರ್‌ಪಿ ಹಲವು ಸಲ ಎಲ್‌ಡಿಎಲ್‌ಗಿಂತ ಮುಂದಿದೆ. ಆದರೆ ಮುನ್ಸೂಚನೆ ಕೊಡುವುದೆಲ್ಲ ಕಾರಣವಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಹೊಗೆ ಬೆಂಕಿಯ ಲಿಂಗ, ಎಂದರೆ ಗುರುತು. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ. ಹುಟ್ಟಿನಿಂದಲೇ ಹೆಚ್ಚು ಸಿಆರ್‌ಪಿ ತಯಾರಿಸುವ ವಂಶವಾಹಿ ಇರುವವರನ್ನು ಸಂಶೋಧಕರು ಹುಡುಕಿ ನೋಡಿದರು. ಅವರಿಗೆ ಹೃದ್ರೋಗ ಹೆಚ್ಚಿರಲಿಲ್ಲ. ಇಂಟರ್‌ಲ್ಯೂಕಿನ್-6ರ ಸಂದೇಶ ದುರ್ಬಲವಾಗಿರುವ ವಂಶವಾಹಿ ಇದ್ದವರನ್ನು ನೋಡಿದರೆ ಹೃದ್ರೋಗ ಕಡಿಮೆಯಿತ್ತು. ಹಾಗಾಗಿ ಸಿಆರ್‌ಪಿ ಹೊಗೆ, ಅದರ ಹಿಂದಿನ ಇಂಟರ್‌ಲ್ಯೂಕಿನ್‌ಗಳ ಸಾಲು ಬೆಂಕಿ. ಎಲ್‌ಡಿಎಲ್ ಆ ಬೆಂಕಿಗೆ ಬೀಳುವ ಕಟ್ಟಿಗೆ.

ಹಾಗಾದರೆ ಬೆಂಕಿಯನ್ನೇ ನೇರವಾಗಿ ತಣಿಸಬಹುದೇ? ಅದಕ್ಕೂ ಪ್ರಯೋಗಗಳಾಗಿವೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ ಹೃದಯಾಘಾತವಾಗಿದ್ದ 10,061 ಜನರಲ್ಲಿ ಕೆಲವರಿಗೆ ಇಂಟರ್‌ಲ್ಯೂಕಿನ್-1 ಅನ್ನು ತಡೆಯುವ ಕನಾಕಿನುಮ್ಯಾಬ್ ಕೊಟ್ಟರು. ಎಲ್‌ಡಿಎಲ್ ಇಳಿಯಲಿಲ್ಲ, ಆದರೂ ಮತ್ತೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ 15ರಷ್ಟು ಕಡಿಮೆಯಾದವು. ಉರಿಯೂತ ಬರೀ ಸಾಕ್ಷಿಯಲ್ಲ ಎಂಬುದು ಸಾಬೀತಾಯಿತು. ಆದರೆ ಸೋಂಕಿನಿಂದ ಸತ್ತವರು ಆ ಗುಂಪಿನಲ್ಲಿ ಹೆಚ್ಚಿದ್ದರು, ಔಷಧದ ಬೆಲೆ ಕೈಗೆಟುಕುವಂತಿರಲಿಲ್ಲ. ಅಗ್ಗದ ಮೆಥೋಟ್ರೆಕ್ಸೇಟ್ ಪ್ರಯತ್ನಿಸಿದರು, ಫಲ ಸಿಗಲಿಲ್ಲ.

ಆಮೇಲೆ ಬಂದದ್ದು ನಮ್ಮ ಮಲೆನಾಡಿನವರಿಗೆ ಹತ್ತಿರದ ಒಂದು ವಸ್ತು. ಗೌರಿ ಹಬ್ಬದ ಹೊತ್ತಿಗೆ ಬೇಲಿಗಳ ಮೇಲೆ ಹಬ್ಬಿ ಕೆಂಪು ಹಳದಿಯಾಗಿ ಅರಳುವ ಗೌರಿಹೂವನ್ನು ಅಗ್ನಿಶಿಖೆ ಎಂದೂ ಕರೆಯುತ್ತೇವೆ. ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಕಾಲ್ಚಿಸಿನ್ ಇದೆ. ಗೆಡ್ಡೆ ತಿಂದರೆ ಸಾವು ಬರಬಹುದು ಎಂದು ಹಳ್ಳಿಯ ಹಿರಿಯರು ಮಕ್ಕಳನ್ನು ಗದರುವುದು ಸುಮ್ಮನೆ ಅಲ್ಲ. ತಮಿಳುನಾಡಿನ ರೈತರು ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ, ಆ ಬೀಜದಿಂದ ತೆಗೆದ ಕಾಲ್ಚಿಸಿನ್ ಔಷಧವಾಗುತ್ತದೆ. ಗೌಟ್ ಎಂಬ ಕೀಲುನೋವಿಗೆ ಬಹುಕಾಲದಿಂದ ಕೊಡುತ್ತಿದ್ದ ಈ ಅಗ್ಗದ ಮಾತ್ರೆಯನ್ನು ದಿನಕ್ಕೆ ಅರ್ಧ ಮಿಲಿಗ್ರಾಂನಂತೆ ಹೃದ್ರೋಗಿಗಳಿಗೆ ಕೊಟ್ಟು ನೋಡಿದರು. ಸ್ಥಿರವಾದ ಹೃದ್ರೋಗವಿದ್ದ 5,522 ಜನರ 2020ರ ಪ್ರಯೋಗದಲ್ಲಿ ಅಪಾಯ ಶೇ 31 ಇಳಿಯಿತು, 2023ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಮರುವರ್ಷ ಬಂದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, ಹೃದಯಾಘಾತವಾದ ಕೂಡಲೇ ಶುರುಮಾಡಿದವರಿಗೆ ಲಾಭ ಕಾಣಲಿಲ್ಲ. ಕಾಲ್ಚಿಸಿನ್ ಬಗ್ಗೆ ಆಸೆ ಇಟ್ಟುಕೊಂಡೂ ಎಚ್ಚರವಾಗಿರಬೇಕೆಂದು ನನಗನ್ನಿಸುತ್ತದೆ. ಮೂತ್ರಪಿಂಡ ಅಥವಾ ಲಿವರ್ ದುರ್ಬಲವಾಗಿರುವವರಿಗೆ ಅದು ವಿಷವಾಗಬಹುದು. ಗೌರಿಹೂವಿನ ಗೆಡ್ಡೆಯನ್ನಂತೂ ಯಾರೂ ಮುಟ್ಟಬಾರದು.

ವಸಂತ್ ಕುಂಜ್‌ಗೆ ಮರಳೋಣ. ಈ ಬಡಾವಣೆ ದೆಹಲಿಯ ಅದೃಷ್ಟವಂತ ಬಡಾವಣೆಗಳಲ್ಲೊಂದು. ಹಿಂದೆ ಅರಾವಳಿಯ ಕುರುಚಲು ಕಾಡು, ಪಕ್ಕದಲ್ಲಿ ಸಂಜಯ್ ವನ, ಜೆಎನ್‌ಯುನ ಬಂಡೆಗಳು. ಡಿಡಿಎ ಫ್ಲ್ಯಾಟುಗಳ ಪಾರ್ಕುಗಳಲ್ಲಿ ಬೆಳಗಾದರೆ ನಡೆಯುವವರ ಸಾಲು. ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ ಹತ್ತಿರವಾದ್ದರಿಂದ ಕನ್ನಡಿಗರಿಗೂ ಇದು ದೂರದ ಜಾಗವಲ್ಲ. ಆದರೆ ಗಾಳಿ ಕಾಡಿನ ಅಂಚಿನಲ್ಲಿ ನಿಲ್ಲುವುದಿಲ್ಲ. ಪಿಎಂ2.5 ಎಂಬ ಸೂಕ್ಷ್ಮ ಧೂಳಿನ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ದೆಹಲಿಯ ಸರಾಸರಿ ಸುಮಾರು 100ರ ಆಸುಪಾಸು. ನವೆಂಬರಿನ ಕೆಟ್ಟ ದಿನಗಳಲ್ಲಿ 300 ದಾಟುತ್ತದೆ. ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳು ಈ ಧೂಳನ್ನು ನುಂಗಿ ಮತ್ತದೇ ಇಂಟರ್‌ಲ್ಯೂಕಿನ್-6 ಬಿಡುತ್ತವೆ. ಎಂದರೆ ಕೊಲೆಸ್ಟರಾಲಿನ ಹರಳು ಮುಟ್ಟುವ ದಾರಿಯನ್ನೇ ಧೂಳು ಬೇರೆ ಬಾಗಿಲಿನಿಂದ ಸೇರುತ್ತದೆ. ದೆಹಲಿ, ಚೆನ್ನೈ, ಕರಾಚಿಗಳಲ್ಲಿ 2010ರಲ್ಲಿ ಆರಂಭವಾದ ಕಾರ್ಸ್ ಅಧ್ಯಯನದ ದೆಹಲಿಯ ಜನರನ್ನೇ ನೋಡಿ, ಧೂಳು ಹೆಚ್ಚಿದಂತೆ ರಕ್ತದೊತ್ತಡ ಏರುವುದನ್ನು ದೊರೈರಾಜ್ ಪ್ರಭಾಕರನ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಚಳಿಗಾಲದಲ್ಲಿ ಸೂರ್ಯ ಏರುವ ಮೊದಲೇ ಪಾರ್ಕಿಗೆ ಹೊರಡುವ ಹಿರಿಯರಿಗೆ ನನ್ನದೊಂದು ಬಿನ್ನಹ: ಗಾಳಿ ಕೆಟ್ಟಿರುವ ದಿನ ಮನೆಯೊಳಗೇ ನಡೆಯಿರಿ, ಇಲ್ಲವೇ ಬಿಸಿಲು ಬಂದು ಮಂಜು ಚದುರಿದ ಮೇಲೆ ಹೊರಡಿ. ಶಿಸ್ತು ಒಳ್ಳೆಯದೇ, ಆದರೆ ಮುಂಜಾನೆಯ ಹೊತ್ತಿಗೆ ಧೂಳು ನೆಲಕ್ಕೆ ಹತ್ತಿರ ಕೂತಿರುತ್ತದೆ.

ಎರಡನೆಯ ಬಾಗಿಲು ಹೊಟ್ಟೆಯ ಬೊಜ್ಜು. ಏಮ್ಸ್‌ನಲ್ಲಿ ನವಲ್ ವಿಕ್ರಮ್, ಅನೂಪ್ ಮಿಶ್ರಾ ಮತ್ತು ಸಂಗಡಿಗರು ಆರೋಗ್ಯವಂತ ಹದಿಹರೆಯದವರ, ಯುವಜನರ ಸಿಆರ್‌ಪಿ ಅಳೆದು 2003ರಲ್ಲಿ ಪ್ರಕಟಿಸಿದರು. ಮೈಯಲ್ಲಿ ಕೊಬ್ಬು ಹೆಚ್ಚಿದಂತೆ ಸಿಆರ್‌ಪಿಯೂ ಹೆಚ್ಚಿತ್ತು, ಅದೂ ಆ ಎಳೆಯ ವಯಸ್ಸಿನಲ್ಲಿ. ಇದೇ ಮಿಶ್ರಾ ಮುಂದೆ ವಸಂತ್ ಕುಂಜ್‌ನ ಫೋರ್ಟಿಸ್ ಆಸ್ಪತ್ರೆಯಲ್ಲಿ ಮಧುಮೇಹ ವಿಭಾಗ ನೋಡಿಕೊಂಡರು. ಭಾರತೀಯರ ಸೊಂಟದ ಸುತ್ತಳತೆಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮಿತಿಯೆಂದು 2009ರಲ್ಲಿ ಹೊರಬಂದ ಒಮ್ಮತದ ಹೇಳಿಕೆಯ ಹಿಂದೆಯೂ ಅವರಿದ್ದರು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಇರುವ ನಮ್ಮ ಮೈಕಟ್ಟಿನಲ್ಲಿ ತೂಕದ ಯಂತ್ರಕ್ಕಿಂತ ಅಳತೆಯ ಟೇಪು ಹೆಚ್ಚು ನಿಜ ಹೇಳುತ್ತದೆ.

ಹೊಟ್ಟೆಯ ಕೊಬ್ಬು ಯಕೃತ್ತಿಗೂ ಇಳಿಯುತ್ತದೆ. ಮದ್ಯ ಮುಟ್ಟದವರಿಗೂ ಬರುವ ಫ್ಯಾಟಿ ಲಿವರ್ ಇದು. ಅಂಥ ಯಕೃತ್ತು ಟ್ರೈಗ್ಲಿಸರೈಡ್ ತುಂಬಿದ ಕಣಗಳನ್ನು ಹೆಚ್ಚು ಹೊರಬಿಡುತ್ತದೆ, ಅವುಗಳಿಂದ ಸಣ್ಣ ಎಲ್‌ಡಿಎಲ್ ಕಣಗಳು ಹೆಚ್ಚುತ್ತವೆ, ಎಚ್‌ಡಿಎಲ್ ಇಳಿಯುತ್ತದೆ. ಜೊತೆಗೆ ಸಿಆರ್‌ಪಿಯೂ ಏರುತ್ತದೆ. 1,13,043 ಜನರನ್ನು ನೋಡಿ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ ಶೇ 81.2 ಜನರಿಗೆ ಕೊಬ್ಬಿನ ಯಾವುದಾದರೊಂದು ಅಂಕಿ ಸರಿಯಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಕಡಿಮೆ ಎಚ್‌ಡಿಎಲ್, ಶೇ 66.9. ಫ್ಯಾಟಿ ಲಿವರ್ ಇರುವವರು ಹೆಚ್ಚಾಗಿ ಸಾಯುವುದು ಲಿವರ್ ಕೆಟ್ಟು ಅಲ್ಲ, ಹೃದ್ರೋಗದಿಂದ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೃದ್ರೋಗ, ಮಧುಮೇಹಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಫ್ಯಾಟಿ ಲಿವರನ್ನೂ ಸೇರಿಸಿದ್ದು ಇದೇ ಕಾರಣಕ್ಕೆ.

ಇನ್ನು ಕೈಗೆ ಬರುವ ರಿಪೋರ್ಟು. ಅದರ ಅಂಚಿನಲ್ಲಿ ಅಚ್ಚಾಗಿರುವ ‘ನಾರ್ಮಲ್’ ಎಲ್ಲರಿಗೂ ಒಂದೇ ಅಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ರ ಒಳಗಿರಬೇಕು, ಮಧುಮೇಹ ಅಥವಾ ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿದ್ದರೆ 70ರ ಒಳಗೆ, ಹೃದಯಾಘಾತವಾದವರಿಗೆ 55ರ ಒಳಗೆ. ಸ್ಟೆಂಟ್ ಇರುವವರೊಬ್ಬರಿಗೆ 95 ಬಂದರೆ ಲ್ಯಾಬಿನ ಹಾಳೆ ನಾರ್ಮಲ್ ಎನ್ನುತ್ತದೆ, ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಇವೆರಡರಲ್ಲಿ ವೈದ್ಯರ ಮಾತನ್ನೇ ನಂಬಿ. ಅಪೋ-ಬಿ ಪರೀಕ್ಷೆಗೆ ಹಣವಿಲ್ಲದಿದ್ದರೆ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉಳಿದ ಅಂಕಿ ಕೆಡುಕು ಮಾಡಬಲ್ಲ ಎಲ್ಲ ಕಣಗಳ ಒಟ್ಟು ಕೊಲೆಸ್ಟರಾಲ್, ಅದು ನಿಮ್ಮ ಎಲ್‌ಡಿಎಲ್ ಗುರಿಗಿಂತ 30ಕ್ಕಿಂತ ಹೆಚ್ಚು ಮೇಲಿರಬಾರದು.

ಎಚ್‌ಎಸ್-ಸಿಆರ್‌ಪಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದರೆ ಹೃದಯದ ಲೆಕ್ಕಕ್ಕೆ ಅದನ್ನು ತೆಗೆದುಕೊಳ್ಳಬೇಡಿ. ಮಳೆಗಾಲ ಮುಗಿಯುವ ಹೊತ್ತಿನ ದೆಹಲಿಯಲ್ಲಿ ಅದು ಡೆಂಗಿ, ಚಿಕೂನ್‌ಗುನ್ಯಾ ಇರಬಹುದು, ಬಾತ ವಸಡು ಅಥವಾ ಗಂಟಲಿನ ಸೋಂಕಿರಬಹುದು. ಗುಣವಾಗಿ ಎರಡು ವಾರವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಎರಡು ಸಲವೂ 3ರ ಮೇಲಿದ್ದು, ಎಲ್‌ಡಿಎಲ್ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಸ್ಟ್ಯಾಟಿನ್ ಬಗ್ಗೆ ವೈದ್ಯರೊಡನೆ ಮಾತಾಡಲು ಅದು ಕಾರಣವಾಗುತ್ತದೆ. 2008ರ ಜುಪಿಟರ್ ಪ್ರಯೋಗ ನಡೆದದ್ದು ಇಂಥವರ ಮೇಲೆಯೇ: ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಮೇಲೆ ಇದ್ದ 17,802 ಜನ. ರೊಸುವಾಸ್ಟ್ಯಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅವಘಡಗಳು ಶೇ 44ರಷ್ಟು ಕಡಿಮೆಯಾದವು. ಸ್ಟ್ಯಾಟಿನ್ ಕಟ್ಟಿಗೆಯನ್ನೂ ಬೆಂಕಿಯನ್ನೂ ಒಟ್ಟಿಗೇ ಕಡಿಮೆ ಮಾಡಿತ್ತು.

ಈ ಎರಡರ ಜೊತೆಗೆ ಮೂರನೆಯದೊಂದು ಅಂಕಿಯೂ ಯಕೃತ್ತಿನಿಂದಲೇ ಬರುತ್ತದೆ, ಲಿಪೋಪ್ರೋಟೀನ್-ಎ. ಅದು ಎಷ್ಟಿರಬೇಕೆಂಬುದು ಹೆಚ್ಚು ಕಡಿಮೆ ಪೂರ್ತಿಯಾಗಿ ವಂಶವಾಹಿಯ ಕೈಯಲ್ಲಿದೆ. ನಡಿಗೆಗೆ, ಪಥ್ಯಕ್ಕೆ ಅದು ಜಗ್ಗುವುದಿಲ್ಲ, ಸ್ಟ್ಯಾಟಿನ್‌ನಿಂದಲೂ ಇಳಿಯುವುದಿಲ್ಲ. ಸುಮಾರು ನಾಲ್ಕರಲ್ಲಿ ಒಬ್ಬ ಭಾರತೀಯನಲ್ಲಿ ಅದು ಡೆಸಿಲೀಟರಿಗೆ 50 ಮಿಲಿಗ್ರಾಂ ಮಿತಿಯನ್ನು ಮೀರಿರುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅಳೆಸಬೇಕೆಂದು 2024ರ ಅದೇ ಮಾರ್ಗಸೂಚಿ ಹೇಳುತ್ತದೆ. ಐವತ್ತರ ಒಳಗೆ ಹೃದಯಾಘಾತವಾದ ಅಪ್ಪ, ಚಿಕ್ಕಪ್ಪ, ಸೋದರಮಾವ ಇರುವ ಮನೆಯಲ್ಲಿ ಯಾರಾದರೊಬ್ಬರಿಗೆ ಇದು ಹೆಚ್ಚೆಂದು ಗೊತ್ತಾದರೆ, ಊರಿನಲ್ಲಿರುವ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಫೋನು ಮಾಡಿ ಹೇಳಿ. ಅವರೂ ಒಮ್ಮೆ ರಕ್ತ ಕೊಟ್ಟು ನೋಡಲಿ. ಅವರಿಗೂ ಹೆಚ್ಚಿದ್ದರೆ ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆ, ತಂಬಾಕು ಈ ನಾಲ್ಕರ ಮೇಲೂ ಬೇರೆಯವರಿಗಿಂತ ಮೊದಲೇ, ಬೇರೆಯವರಿಗಿಂತ ಬಿಗಿಯಾಗಿ ಹಿಡಿತ ಸಾಧಿಸಬೇಕಾಗುತ್ತದೆ.